ಪಾತ್ರೆ ಬೇರೆ, ದಸ್ತರಖಾನ ಒಂದೇ



ಕಳೆದ ರಮಝಾನಿನಲ್ಲಿ ಮಸ್ಕಿಯ ನಮ್ಮ ಮಸೀದಿಯ ಇಫ್ತಾರ್ ಕೂಟಕ್ಕೆ ನೆರೆಯ ಲಿಂಗಾಯತ ಹಿರಿಯರೊಬ್ಬರು ಬಂದಿದ್ದರು. ಖರ್ಜೂರ, ಬಾಳೆಹಣ್ಣು ತಿಂದು ಸುಮ್ಮನೆ ಕುಳಿತರು. ತರಕಾರಿ ಪಲಾವ್ ಇದೆಯಲ್ಲ ಎಂದೆ. “ಬಿರ್ಯಾನಿ ಸೌಟೇ ಇದಕ್ಕೂ ಹಾಕ್ಯಾರ್ರಿ ಮೌಲಾನಾ, ಇರ್ಲಿ ಬಿಡ್ರಿ” ಎಂದು ನಕ್ಕರು. ಅವರು ನಕ್ಕರೂ ನನಗೆ ನಾಚಿಕೆಯಾಯಿತು. ಕರೆದವರು ನಾವು, ಹಸಿದು ಎದ್ದವರು ಅವರು.

ನಮ್ಮ ಮಸ್ಕಿ ಇರುವ ರಾಯಚೂರು ದೋಆಬಿಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಕಾದಾಡಿದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಅದೇ ಕಾಲದ ಒಂದು ಆತಿಥ್ಯದ ಪ್ರಸಂಗವನ್ನೂ ನಾವು ತಿಳಿದಿರಬೇಕು.

ಆಗ ವಿಜಯನಗರವನ್ನು ಆಳುತ್ತಿದ್ದವನು ಎರಡನೇ ದೇವರಾಯ. ಅವನ ಸೇವೆಯಲ್ಲಿ ಮುಸ್ಲಿಮರಿದ್ದರು. ಅವರಲ್ಲೊಬ್ಬನಾದ ಅಹ್ಮದ್ ಖಾನ್ 1439ರಲ್ಲಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿನ ಶಾಸನ ‘ಧರ್ಮಸಾಲೆ’ ಎಂದು ಕರೆಯುತ್ತದೆ. 1443ರಲ್ಲಿ ಹಿರಾತಿನ ದೊರೆ ಶಾಹ್‌ರುಖ್‌ನ ರಾಯಭಾರಿ ಅಬ್ದುರ್ರಝಾಕ್ ಸಮರ್ಖಂದಿ ಆ ಆಸ್ಥಾನಕ್ಕೆ ಬಂದರು. ತಮಗೆ ದಿನವೂ ಸಿಗುತ್ತಿದ್ದುದನ್ನು ಅವರೇ ಬರೆದಿಟ್ಟಿದ್ದಾರೆ: 2 ಕುರಿ, 4 ಜೋಡಿ ಕೋಳಿ, 5 ಮಣ ಅಕ್ಕಿ, 1 ಮಣ ಬೆಣ್ಣೆ, 1 ಮಣ ಸಕ್ಕರೆ, 2 ವರಹ. ಅರಮನೆಯಿಂದ ಬಂದದ್ದು ದಿನಸಿ. ಅದನ್ನು ತನ್ನ ದೀನಿಗೆ ಒಪ್ಪುವಂತೆ ಅಡುಗೆ ಮಾಡಿಕೊಳ್ಳಲು ಅತಿಥಿಗೆ ಅವಕಾಶವಿತ್ತು.

ಭೇಟಿಯ ಕೊನೆಗೆ ವೀಳ್ಯ, ಕರ್ಪೂರ ಮತ್ತು ಹಣ ತುಂಬಿದ ಚೀಲ ಕೊಡುತ್ತಿದ್ದರು. ನಿಮ್ಮ ದೊರೆಗಳು ರಾಯಭಾರಿಯನ್ನು ತಮ್ಮ ಜೊತೆ ಊಟಕ್ಕೆ ಕೂರಿಸಿಕೊಳ್ಳುತ್ತಾರೆ, ನಾವು ನೀವು ಕೂಡಿ ಉಣ್ಣುವಂತಿಲ್ಲವಾದ್ದರಿಂದ ಈ ಚೀಲವೇ ನಮ್ಮ ಔತಣ ಎಂಬರ್ಥದ ಮಾತನ್ನು ದೇವರಾಯ ಹೇಳಿದ್ದನ್ನೂ ಅವರು ದಾಖಲಿಸಿದ್ದಾರೆ. ಅವನು ಅತಿಥಿಯ ನಿಯಮವನ್ನು ಗೌರವಿಸಿದ, ತನ್ನದನ್ನೂ ಬಿಡಲಿಲ್ಲ. ಆದರೆ ಜೊತೆಯಲ್ಲಿ ಕೂರುವುದು ಮಾತ್ರ ಆಗಲಿಲ್ಲ.

ಆ ಕೊರತೆ ನೀಗುವ ದಾರಿ ನಮ್ಮ ಪ್ರವಾದಿ(ಸ)ಯವರ ದಸ್ತರಖಾನದಲ್ಲಿದೆ. ಒಮ್ಮೆ ಮೈಮೂನಾ(ರ)ರ ಮನೆಯಲ್ಲಿ ಉಡದ ಮಾಂಸ ಬಡಿಸಲಾಯಿತು. ಪ್ರವಾದಿ(ಸ)ಯವರು ಕೈ ಹಿಂದೆ ತೆಗೆದರು. ಇದು ಹರಾಮ್ ಅಲ್ಲ, ತಮ್ಮ ನಾಡಿನಲ್ಲಿ ಇದರ ರೂಢಿ ಇಲ್ಲದ್ದರಿಂದ ಮನಸ್ಸು ಒಪ್ಪದು ಎಂದರು. ಖಾಲಿದ್ ಬಿನ್ ವಲೀದ್(ರ) ಅವರೆದುರೇ ತಿಂದರು. ಒಬ್ಬರು ತಿಂದರು, ಒಬ್ಬರು ತಿನ್ನಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಅನ್ನೂರ್ ಅಧ್ಯಾಯದ 61ನೇ ಸೂಕ್ತವು ಕುರುಡರು, ಕುಂಟರು, ರೋಗಿಗಳನ್ನು ಹೆಸರಿಸಿ, ಕೂಡಿ ಉಂಡರೂ ಬೇರೆಯಾಗಿ ಉಂಡರೂ ದೋಷವಿಲ್ಲವೆಂದು ತಿಳಿಸುತ್ತದೆ.

ಸಹೋದರರೇ, ದಾವತ್ತಿಗೆ ಕರೆಯುವಾಗಲೇ ಅತಿಥಿ ಏನು ತಿನ್ನುವುದಿಲ್ಲವೆಂದು ಕೇಳಿ. ಶಾಖಾಹಾರಕ್ಕೆ ಒಲೆ, ಪಾತ್ರೆ, ಸೌಟು ಎಲ್ಲವೂ ಬೇರೆ ಇರಲಿ. ಸಕ್ಕರೆ ಕಾಯಿಲೆಯವರಿಗೆ, ಶೇಂಗಾ ಒಗ್ಗದವರಿಗೆ “ಸ್ವಲ್ಪ ತಿಂದರೆ ಏನಾಗುತ್ತೆ” ಎಂದು ಒತ್ತಾಯ ಮಾಡಬೇಡಿ. ಆ ಸ್ವಲ್ಪದಿಂದಲೇ ಆಸ್ಪತ್ರೆ ಸೇರಿದವರಿದ್ದಾರೆ. ನಾವು ಬೇರೆಯವರ ಮನೆಗೆ ಹೋದಾಗ ಹಲಾಲ್ ಅಲ್ಲದ್ದನ್ನು ವಿನಯದಿಂದ ಬೇಡವೆನ್ನೋಣ. ಊಟಕ್ಕೆ ಹೆಸರಿಡುವುದು ಬೇಡ, ಪ್ರವಾದಿ(ಸ)ಯವರು ಎಂದೂ ಹಾಗೆ ಮಾಡಲಿಲ್ಲ.

ಬರುವ ರಮಝಾನಿಗೆ ಆ ಹಿರಿಯರನ್ನು ಮತ್ತೆ ಕರೆಯುತ್ತೇನೆ. ಸೌಟು ಬೇರೆ ಇರುತ್ತದೆ, ಅವರ ಜಾಗ ನನ್ನ ಪಕ್ಕದಲ್ಲೇ ಇರುತ್ತದೆ, ಇನ್‌ಶಾ ಅಲ್ಲಾಹ್.