ಬಾಯೊಳಗಿನ ಟೈಟೇನಿಯಂ: ಡಾಕ್ಟ್ರು ಕೊಟ್ಟ ಚೀಟಿಯ ಹಿಂದಿನ ಕಥೆ

ಭಾಗ 1

ಮೊದಲ ಫೋಟೋ ನೋಡಿ. ಭತ್ತದ ಕಾಳಿಗಿಂತ ಸ್ವಲ್ಪ ಉದ್ದ ಇರೋ ಒಂದು ಬೂದು ಬಣ್ಣದ ಸ್ಕ್ರೂ. ಇದೇ ಡೆಂಟಲ್ ಇಂಪ್ಲಾಂಟ್. ಹೋದ ಹಲ್ಲಿನ ಬೇರಿನ ಜಾಗದಲ್ಲಿ, ದವಡೆ ಮೂಳೆಯೊಳಗೆ ಇದನ್ನ ಕೂರಿಸ್ತಾರೆ. ಕೆಲಸ ಮುಗಿದ ಮೇಲೆ ನಿಮ್ಮ ಕೈಗೆ ಒಂದು ಚೀಟಿ ಬರುತ್ತೆ: ಉಗುಳಬೇಡಿ, ಸ್ಟ್ರಾ ಬೇಡ, ಸಿಗರೇಟು ಬೇಡ, ಗಟ್ಟಿ ಪದಾರ್ಥ ಬೇಡ, ಹಲ್ಲು ಹಾಕೋಕೆ ಮೂರು ತಿಂಗಳು ಬಿಟ್ಟು ಬನ್ನಿ. ಆ ಚೀಟಿ ಮಾತ್ರೆ ಕವರ್ ಒಳಗೆ ಹೋದ್ರೆ ಮತ್ತೆ ಹೊರಗೆ ಬರೋದು ಅಪರೂಪ.

ಆದ್ರೆ ಅದರಲ್ಲಿರೋ ಒಂದೊಂದು ಸಾಲಿಗೂ ಇತಿಹಾಸ ಇದೆ. ಯಾರೋ ಮೊಲದ ಕಾಲಲ್ಲಿ, ಯಾರೋ ರೋಗಿಯ ದವಡೆಯಲ್ಲಿ ವರ್ಷಗಟ್ಟಲೆ ನೋಡಿ ಕಲಿತದ್ದು. ಈ ಸರಣಿಯಲ್ಲಿ ಆ ಚೀಟೀನ ಬಿಡಿಸಿ ಓದೋಣ. ಈಗಷ್ಟೇ ಇಂಪ್ಲಾಂಟ್ ಹಾಕಿಸ್ಕೊಂಡು ಕೆನ್ನೆಗೆ ಐಸ್ ಹಿಡ್ಕೊಂಡು ಇದನ್ನ ಓದ್ತಿದ್ರೆ, ನಿಮಗಾಗಿಯೇ ಬರೆದದ್ದು ಅಂದ್ಕೊಳ್ಳಿ.

ಭಾಗ 2

ಹಲ್ಲು ಹೋದ ಜಾಗಕ್ಕೆ ಏನಾದ್ರೂ ನಾಟೋ ಆಸೆ ಬಹಳ ಹಳೇದು. 1931ರಲ್ಲಿ ಹೊಂಡುರಾಸ್‌ನಲ್ಲಿ ಅಗೆಯುವಾಗ ಪೊಪಿನೋ ದಂಪತಿಗೆ ಮಾಯಾ ಕಾಲದ ಒಂದು ಕೆಳದವಡೆಯ ತುಂಡು ಸಿಕ್ತು. ಸುಮಾರು ಕ್ರಿ.ಶ. 600ರದ್ದು. ಮುಂದಿನ ಮೂರು ಹಲ್ಲುಗಳ ಜಾಗದಲ್ಲಿ ಹಲ್ಲಿನ ಆಕಾರಕ್ಕೆ ತಿದ್ದಿದ ಚಿಪ್ಪಿನ ಚೂರುಗಳು! ಸತ್ತ ಮೇಲೆ ಅಲಂಕಾರಕ್ಕೆ ಇಟ್ಟದ್ದು ಅಂತ ಬಹಳ ಕಾಲ ನಂಬಿದ್ರು. 1970ರಲ್ಲಿ ಅಮಡಿಯೋ ಬೊಬಿಯೋ ಎಕ್ಸ್‌ರೇ ತೆಗೆದು ನೋಡಿದಾಗ ಚಿಪ್ಪಿನ ಸುತ್ತ ಮೂಳೆ ಬೆಳೆದಿತ್ತು. ಅಂದ್ರೆ ಬದುಕಿರೋವಾಗಲೇ ನಾಟಿದ್ದು.

18ನೇ ಶತಮಾನದ ಲಂಡನ್‌ನಲ್ಲಿ ಜಾನ್ ಹಂಟರ್ ಅನ್ನೋ ಸರ್ಜನ್ ಮನುಷ್ಯನ ಹಲ್ಲನ್ನ ಹುಂಜದ ಜುಟ್ಟಿನಲ್ಲಿ ನಾಟಿ ನೋಡಿದ. ಆ ಕಾಲದಲ್ಲಿ ಬಡವರ ಬಾಯಿಂದ ಕಿತ್ತ ಹಲ್ಲನ್ನ ದುಡ್ಡಿದ್ದವರ ಬಾಯಿಗೆ ಕೂರಿಸೋ ವ್ಯಾಪಾರವೂ ಇತ್ತು. ಅದರ ಬಗ್ಗೆ ಜಾಸ್ತಿ ಹೇಳೋಕೆ ನನಗೆ ಮನಸ್ಸಿಲ್ಲ. ಮುಂದೆ ಹೋಗೋಣ.

ಭಾಗ 3

1952, ಸ್ವೀಡನ್‌ನ ಲುಂಡ್. ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಅನ್ನೋ ಯುವ ಸಂಶೋಧಕನಿಗೆ ಹಲ್ಲಿನ ಯೋಚನೆಯೇ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಜೀವಂತ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತೆ ಅನ್ನೋದು. ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂನಿಂದ ಮಾಡಿದ ಪುಟ್ಟ ನೋಡುಗಿಂಡಿ ಕೂರಿಸಿದ. ಪ್ರಯೋಗ ಮುಗಿದ ಮೇಲೆ ತೆಗೆಯೋಕೆ ಹೋದ್ರೆ ಅದು ಬರಲೇ ಇಲ್ಲ. ಮೂಳೆ ಲೋಹವನ್ನ ಹಿಡ್ಕೊಂಡಿತ್ತು. ಬೇರೆ ಯಾರಾದ್ರೂ ಆಗಿದ್ರೆ ದುಬಾರಿ ಸಾಮಾನು ಹಾಳಾಯ್ತಲ್ಲ ಅಂತ ಬೈಕೊಂಡು ಸುಮ್ಮನಾಗ್ತಿದ್ರೇನೋ. ಈತ ಸುಮ್ಮನಾಗ್ಲಿಲ್ಲ.

ಮೂಳೆ ಮತ್ತು ಲೋಹದ ಈ ಬೆಸುಗೆಗೆ ಮುಂದೆ ‘ಆಸಿಯೋಇಂಟಿಗ್ರೇಷನ್’ ಅಂತ ಹೆಸರಿಟ್ಟ. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಮೊದಲ ರೋಗಿ ಯೋಸ್ಟಾ ಲಾರ್ಸನ್. ಹುಟ್ಟಿನಿಂದಲೇ ದವಡೆ ಸರಿ ಇರಲಿಲ್ಲ, ಕೆಳದವಡೆಯಲ್ಲಿ ಹಲ್ಲಿರಲಿಲ್ಲ. ನಾಲ್ಕು ಟೈಟೇನಿಯಂ ಇಂಪ್ಲಾಂಟ್ ಹಾಕಿದ್ರು. 2006ರಲ್ಲಿ ಲಾರ್ಸನ್ ತೀರಿಕೊಳ್ಳೋವರೆಗೂ, ಅಂದ್ರೆ ನಲವತ್ತು ವರ್ಷಕ್ಕೂ ಮೇಲೆ, ಅವು ಕೆಲಸ ಮಾಡ್ತಿದ್ವು.

ಈಗ ಚೀಟಿಯ ಆ ಸಾಲಿಗೆ ಬನ್ನಿ: ‘ಮೂರು ತಿಂಗಳು ಬಿಟ್ಟು ಬನ್ನಿ.’

ಬ್ರೋನೆಮಾರ್ಕ್‌ನ ಹೊಸತು ಬರೀ ಟೈಟೇನಿಯಂ ಅಲ್ಲ, ಕಾಯೋದು ಕೂಡ. ಅವನ ಕಾಲದ ಬಹಳಷ್ಟು ಇಂಪ್ಲಾಂಟ್‌ಗಳಿಗೆ ಬೇಗನೆ ಹಲ್ಲು ಕೂರಿಸಿ ಅಗಿಯೋಕೆ ಬಿಡ್ತಿದ್ರು. ಲೋಹದ ಸುತ್ತ ನಾರಿನಂಥ ಮೆತ್ತನೆ ಪದರ ಬೆಳೆದ್ರೆ ಒಳ್ಳೇದೇ, ಅದು ಹಲ್ಲಿಗಿರೋ ಮೆತ್ತೆಯ ಹಾಗೆ ಕೆಲಸ ಮಾಡುತ್ತೆ ಅಂತ ವಾದಿಸಿದವರೂ ಇದ್ರು. ಕೊನೆಗೆ ಆ ಪದರವೇ ಇಂಪ್ಲಾಂಟನ್ನ ಸಡಿಲ ಮಾಡ್ತಿತ್ತು. ಬ್ರೋನೆಮಾರ್ಕ್ ಮಾತ್ರ ಸ್ಕ್ರೂವನ್ನ ಒಸಡಿನ ಕೆಳಗೆ ಹೂತು, ಹೊಲಿಗೆ ಹಾಕಿ, ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಮುಟ್ಟಬೇಡಿ ಅಂದ. ಮೇಲ್ದವಡೆ ಮೂಳೆ ಮೆತ್ತಗಿರುತ್ತೆ, ಅದಕ್ಕೇ ಹೆಚ್ಚು ಸಮಯ. 1981ರಲ್ಲಿ ಅವನ ತಂಡ 371 ರೋಗಿಗಳ 15 ವರ್ಷದ ಲೆಕ್ಕ ಪ್ರಕಟಿಸಿತು. ಉಳಿದು ಗಟ್ಟಿ ನಿಂತ ಇಂಪ್ಲಾಂಟ್‌ಗಳು ಕೆಳಗೆ 91%, ಮೇಲೆ 81%. 1982ರಲ್ಲಿ ಟೊರಾಂಟೋದಲ್ಲಿ ಜಾರ್ಜ್ ಜಾರ್ಬ್ ಕರೆದ ಸಮ್ಮೇಳನದ ನಂತರ ಅಮೆರಿಕದ ಡಾಕ್ಟ್ರುಗಳೂ ಒಪ್ಪಿಕೊಂಡ್ರು.

ಇದನ್ನ ಯಾಕೆ ಇಷ್ಟು ಎಳೆದು ಹೇಳ್ತಿದ್ದೀನಿ ಅಂದ್ರೆ, ನಿಮ್ಮನ್ನ ಮೋಸ ಮಾಡೋದು ನೋವಲ್ಲ, ನೋವು ಇಲ್ಲದಿರೋದು. ಮೊದಲ ದಿನ ಸ್ಕ್ರೂ ಗಟ್ಟಿಯಾಗಿ ನಿಂತಿರೋದು ಮರಕ್ಕೆ ಹೊಡೆದ ಸ್ಕ್ರೂ ನಿಂತ ಹಾಗೆ, ಬರೀ ಹಿಡಿತದಿಂದ. ಆಮೇಲೆ ದೇಹ ಅಲ್ಲಿನ ಹಳೇ ಮೂಳೆಯನ್ನ ಕರಗಿಸಿ ಹೊಸದು ಕಟ್ಟೋಕೆ ಶುರು ಮಾಡುತ್ತೆ. ಹಳೇ ಹಿಡಿತ ಸಡಿಲ, ಹೊಸ ಬೆಸುಗೆ ಇನ್ನೂ ಹಸಿ. ಸಾಮಾನ್ಯವಾಗಿ ಮೂರನೇ ನಾಲ್ಕನೇ ವಾರದ ಹೊತ್ತಿಗೆ ಇಂಪ್ಲಾಂಟ್ ಅತ್ಯಂತ ದುರ್ಬಲ. ಅಷ್ಟೊತ್ತಿಗೆ ನಿಮ್ಮ ಬಾವು ಇಳಿದಿರುತ್ತೆ, ಹೊಲಿಗೆ ಹೋಗಿರುತ್ತೆ, ‘ಏನೂ ಆಗಿಲ್ಲ’ ಅನ್ನಿಸಿ ಕೈ ಚಕ್ಕುಲಿ ಡಬ್ಬಿಗೆ ಹೋಗುತ್ತೆ. ಮೂಳೆ ಕೂಡೋ ಸಮಯದಲ್ಲಿ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಪದೇ ಪದೇ ಅಲುಗಾಡಿದ್ರೆ ಮತ್ತೆ ಅದೇ ನಾರಿನ ಪದರ ಬರೋ ಅಪಾಯ ಇದೆ. ಆ ಕಡೆ ಅಗಿಯಬೇಡಿ. ನಾಲಿಗೆಯಿಂದ, ಬೆರಳಿಂದ ತಳ್ಳಿ ನೋಡೋ ಚಟ ಬೇಡ. ಈಗ ಕೆಲವರಿಗೆ ಅವತ್ತೇ ತಾತ್ಕಾಲಿಕ ಹಲ್ಲು ಹಾಕೋದೂ ಉಂಟು, ಅದು ಮೂಳೆ ನೋಡಿ ಡಾಕ್ಟ್ರು ಮಾಡೋ ತೀರ್ಮಾನ. ಅವರಿಗೂ ಮೆತ್ತನೆ ಊಟದ ನಿಯಮ ತಪ್ಪಿದ್ದಲ್ಲ.

ಭಾಗ 4

ಮೊದಲ ಮೂರು ದಿನದ ವಿಷಯ ಬೇಗ ಹೇಳಿಬಿಡ್ತೀನಿ. ಗಾಯದಲ್ಲಿ ಹೆಪ್ಪುಗಟ್ಟೋ ರಕ್ತವೇ ವಾಸಿಯಾಗೋದರ ಮೊದಲ ಮೆಟ್ಟಿಲು. ಜೋರಾಗಿ ಉಗುಳಿದ್ರೆ, ಸ್ಟ್ರಾದಲ್ಲಿ ಹೀರಿದ್ರೆ ಅದು ಕಿತ್ತು ಬರಬಹುದು. ಎಂಜಲಲ್ಲಿ ಸ್ವಲ್ಪ ಕೆಂಪು ಕಂಡ್ರೆ ಗಾಬರಿ ಬೇಡ. ಗಾಜ್ ಇಟ್ಟು ಅರ್ಧ ಗಂಟೆ ಮೆಲ್ಲಗೆ ಕಚ್ಚಿ ಹಿಡಿಯಿರಿ. ಐಸ್‌ನ ಬಟ್ಟೆಯಲ್ಲಿ ಸುತ್ತಿ ಹೊರಗಿನಿಂದ ಬಿಟ್ಟು ಬಿಟ್ಟು ಇಡಿ, ಮೊದಲ ಒಂದೆರಡು ದಿನ ಮಾತ್ರ. ಬಾವು ಎರಡನೇ ಮೂರನೇ ದಿನ ಜಾಸ್ತಿ ಆಗಿ ಆಮೇಲೆ ಇಳಿಯೋದು ಸಹಜ. ತಲೆಗೆ ಇನ್ನೊಂದು ದಿಂಬು ಇಟ್ಕೊಂಡು ಮಲಗಿ. 24 ಗಂಟೆ ಆದ ಮೇಲೆ ಬೆಚ್ಚಗಿನ ಉಪ್ಪು ನೀರು ಬಾಯಲ್ಲಿಟ್ಟು ತಲೆ ಆಡಿಸಿ ಹಾಗೇ ಬೀಳಿಸಿ, ಮುಕ್ಕಳಿಸೋ ರಭಸ ಬೇಡ. ಊಟಕ್ಕೆ ಆರಿದ ರಾಗಿ ಗಂಜಿ, ಮೊಸರನ್ನ, ಹಿಸುಕಿದ ಇಡ್ಲಿ. ಖಾರದ ಸಾರು ನಾಲ್ಕು ದಿನ ಕಾದ್ರೆ ಏನೂ ಆಗಲ್ಲ!

ಚೀಟಿಯಲ್ಲಿ ಬಣ್ಣದ ಮೌತ್‌ವಾಶ್ ಬರೆದಿದ್ರೆ ಅದು ಬಹುಶಃ ಕ್ಲೋರ್‌ಹೆಕ್ಸಿಡಿನ್. ಬ್ರಿಟನ್ನಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಮೊದಲು ಚರ್ಮ ಮತ್ತು ಗಾಯಕ್ಕೆ. 1970ರಲ್ಲಿ ಲೋ ಮತ್ತು ಶಿಯೋಟ್ ಅನ್ನೋ ಇಬ್ಬರು 0.2% ದ್ರಾವಣದಿಂದ ದಿನಕ್ಕೆರಡು ಸಲ ಬಾಯಿ ತೊಳೆದ್ರೆ ಹಲ್ಲು ಉಜ್ಜದಿದ್ರೂ ಪಾಚಿ ಕಟ್ಟಲ್ಲ ಅಂತ ತೋರಿಸಿದ್ರು. ಬ್ರಷ್ ತಾಗಿಸೋಕೆ ಆಗದ ಗಾಯದ ಜಾಗಕ್ಕೆ ಇದಕ್ಕಿಂತ ಬೇಕಾ? ಆದ್ರೆ ಹೇಳಿದಷ್ಟು ದಿನ ಮಾತ್ರ. ಜಾಸ್ತಿ ದಿನ ಬಳಸಿದ್ರೆ ಹಲ್ಲಿಗೆ ಕಂದು ಕಲೆ ಬರುತ್ತೆ, ನಾಲಿಗೆ ರುಚಿ ಕೆಡುತ್ತೆ.

ಇನ್ನು ಸಿಗರೇಟು. 1993ರಲ್ಲಿ ಬೇನ್ ಮತ್ತು ಮೋಯ್ 540 ರೋಗಿಗಳ ಎರಡು ಸಾವಿರಕ್ಕೂ ಹೆಚ್ಚು ಇಂಪ್ಲಾಂಟ್ ಲೆಕ್ಕ ಹಾಕಿದ್ರು. ಸೇದದವರಲ್ಲಿ ವಿಫಲವಾದದ್ದು 4.76%, ಸೇದುವವರಲ್ಲಿ 11.28%. ಎರಡು ಪಟ್ಟಿಗೂ ಹೆಚ್ಚು! ನಿಕೋಟಿನ್ ರಕ್ತನಾಳಗಳನ್ನ ಕಿರಿದು ಮಾಡುತ್ತೆ, ಮೂಳೆ ಕಟ್ಟೋಕೆ ಬೇಕಾದ ರಕ್ತವೇ ಕಮ್ಮಿ ಆಗುತ್ತೆ. ಮೂರು ವರ್ಷದ ನಂತರ ಬೇನ್ ಹೇಳಿದ ನಿಯಮ: ಸರ್ಜರಿಗೆ ಒಂದು ವಾರ ಮುಂಚೆ ನಿಲ್ಲಿಸಿ, ಎಂಟು ವಾರ ಆದ ಮೇಲೂ ಮುಟ್ಟಬೇಡಿ. ‘ನಾನು ಸೇದಲ್ಲ, ಬರೀ ಗುಟ್ಕಾ’ ಅನ್ನೋರಿಗೆ: ಅದರಲ್ಲಿರೋದೂ ಅದೇ ನಿಕೋಟಿನ್, ಅದೂ ನೇರ ಗಾಯದ ಪಕ್ಕದಲ್ಲೇ.

ಭಾಗ 5

ಕೊನೆಯ ಫೋಟೋದಲ್ಲಿ ಎಡಕ್ಕೆ ಸಹಜ ಹಲ್ಲು, ಬಲಕ್ಕೆ ಇಂಪ್ಲಾಂಟ್. ಸಹಜ ಹಲ್ಲಿನ ಬೇರು ಮತ್ತು ಮೂಳೆ ನಡುವೆ ತೆಳ್ಳನೆ ನಾರಿನ ಪದರ ಇದೆ, ಅದರ ತುಂಬ ನರಗಳು. ಅನ್ನದಲ್ಲಿ ಕಲ್ಲು ಸಿಕ್ಕಿದ್ರೆ ತಟ್ಟನೆ ಗೊತ್ತಾಗೋದು ಅದರಿಂದ. ಇಂಪ್ಲಾಂಟ್‌ಗೆ ಆ ಪದರ ಇಲ್ಲ. ಹುಳುಕು ಹಿಡಿಯಲ್ಲ ನಿಜ, ಆದ್ರೆ ಸುತ್ತಲಿನ ಒಸಡು ಸೋಂಕಾಗಿ ಮೂಳೆ ಕರಗ್ತಾ ಹೋದ್ರೂ ಬಹಳ ಸಲ ನೋವಿನ ಸುಳಿವೇ ಇರಲ್ಲ. ಬ್ರಷ್ ಮಾಡುವಾಗ ರಕ್ತ ಬಂದ್ರೆ ಅದನ್ನೇ ಸುಳಿವು ಅಂತ ತಿಳ್ಕೊಂಡು ತೋರಿಸಿ. ಹಲ್ಲು ಕೂತ ಮೇಲೆ ದಿನಾ ಅದರ ಬುಡದಲ್ಲಿ ಮೆತ್ತನೆ ಬ್ರಷ್, ಸಂದಿಗೆ ಪುಟ್ಟ ಬ್ರಷ್ ಅಥವಾ ಫ್ಲಾಸ್.

ಇವುಗಳಿಗೆ ಮಾತ್ರ ಕಾಯಬೇಡಿ, ಫೋನ್ ಮಾಡಿ: ಅರಿವಳಿಕೆ ಇಳಿಯೋ ಹೊತ್ತು ಕಳೆದ ಮೇಲೂ ತುಟಿ ಅಥವಾ ಗದ್ದ ಜೋಮು ಹಿಡಿದೇ ಇದ್ರೆ ಅವತ್ತೇ, ಯಾಕಂದ್ರೆ ನರಕ್ಕೆ ಒತ್ತಡ ಬಿದ್ದಿದ್ರೆ ಗಂಟೆಗಳ ಲೆಕ್ಕ. ನಿಲ್ಲದ ರಕ್ತ, ಜ್ವರ, ಕೀವು, ಮೂರು ದಿನ ಕಳೆದ ಮೇಲೆ ಏರ್ತಾ ಹೋಗೋ ನೋವು, ಸ್ಕ್ರೂ ಅಲುಗಾಡಿದ ಹಾಗೆ ಅನ್ನಿಸೋದು. ಸಕ್ಕರೆ ಕಾಯಿಲೆ ಇದ್ರೆ ಶುಗರ್ ಹಿಡಿತದಲ್ಲಿಡಿ. ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ರೆ ನೀವಾಗೇ ನಿಲ್ಲಿಸಬೇಡಿ, ಆಂಟಿಬಯಾಟಿಕ್ ಬರೆದಿದ್ರೆ ಅರ್ಧಕ್ಕೆ ಬಿಡಬೇಡಿ.

ನಿಮ್ಮ ಚೀಟಿಯಲ್ಲಿ ಇಲ್ಲಿ ಬಿಟ್ಟುಹೋದ ಸಾಲೇನಾದ್ರೂ ಇದ್ರೆ ಕಾಮೆಂಟ್‌ನಲ್ಲಿ ಹಾಕಿ. ಅದರ ಕಥೇನೂ ಹುಡುಕೋಣ.

#ಹಲ್ಲಿನಕಥೆ #ಇತಿಹಾಸ #ಡೆಂಟಲ್‌ಇಂಪ್ಲಾಂಟ್ #ಕನ್ನಡದಲ್ಲಿವಿಜ್ಞಾನ