ಕುಮಾರ ಪರ್ವತ ಚಾರಣ: ಹತ್ತುವವರಿಗೂ ಊರಿನ ಅಂಗಡಿಯವರಿಗೂ ಗೊತ್ತಿರಬೇಕಾದ ಲೆಕ್ಕ

ಸುಬ್ರಹ್ಮಣ್ಯ: ಶನಿವಾರ ಬೆಳಗಿನ ಜಾವ ಬೆಂಗಳೂರು ಬಸ್ಸು ಬಂದು ನಿಂತಾಗ ಕುಕ್ಕೆ ಪೇಟೆಯಲ್ಲಿ ಎರಡು ಥರದ ಜನ ಇಳಿಯುತ್ತಾರೆ. ಒಂದು, ದೇವರ ದರ್ಶನಕ್ಕೆ ಬಂದವರು. ಇನ್ನೊಂದು, ಬೆನ್ನಿಗೆ ದೊಡ್ಡ ಬ್ಯಾಗು, ಕಾಲಿಗೆ ಶೂ ಹಾಕಿಕೊಂಡು ಯಾವ ಹೋಟೆಲ್ ಬಾಗಿಲು ತೆರೆದಿದೆ ಎಂದು ಹುಡುಕುವವರು. ಚಾ ಕುಡಿಯುತ್ತಾ ಇವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ಅಣ್ಣಾ, ಕುಮಾರ ಪರ್ವತಕ್ಕೆ ಎಷ್ಟೊತ್ತು ಬೇಕು? ಮೇಲೆ ಅಂಗಡಿ ಇದ್ಯಾ?”

ಆ ಹೊತ್ತಿಗೆ ಅಂಗಡಿಯವರು, ಆಟೋದವರು ಕೊಡುವ ಉತ್ತರವೇ ಎಷ್ಟೋ ಸಲ ಅವರಿಗೆ ಸಿಗುವ ಕೊನೆಯ ಮಾಹಿತಿ. “ಹೋಗಿ ಬನ್ನಿ, ಸಂಜೆಗೆ ಬರಬಹುದು” ಅಂದರೆ ಅವರು ಅದನ್ನೇ ನಂಬಿ ಹೊರಡುತ್ತಾರೆ. ನಮ್ಮ ಊರಿನ ಹುಡುಗರದ್ದು ಇನ್ನೊಂದು ಕತೆ. “ನಮ್ಮದೇ ಗುಡ್ಡ ಅಲ್ವಾ” ಎಂದು ಚಪ್ಪಲಿಯಲ್ಲೇ ಹತ್ತುವವರೂ ಇದ್ದಾರೆ. ಹಾಗಾಗಿ ಈ ಬೆಟ್ಟದ ದೂರ, ನೀರು, ಗಂಟೆ, ಕಾನೂನು ಎಲ್ಲವನ್ನೂ ಒಂದೇ ಕಡೆ ಇಲ್ಲಿ ಕೊಟ್ಟಿದ್ದೇವೆ.

ಬೆಟ್ಟ ಎಲ್ಲಿದೆ, ಎಷ್ಟು ಎತ್ತರ?

ಕುಮಾರ ಪರ್ವತಕ್ಕೆ ಪುಷ್ಪಗಿರಿ ಎಂದೂ ಹೆಸರು. ಎತ್ತರ 1,712 ಮೀಟರ್. ಕೊಡಗಿನಲ್ಲಿ ತಡಿಯಂಡಮೋಳ್ (1,748 ಮೀಟರ್) ಬಿಟ್ಟರೆ ಇದೇ ಎತ್ತರದ ಶಿಖರ. ಹತ್ತುವ ಒಂದು ದಾರಿ ದಕ್ಷಿಣ ಕನ್ನಡದ ಕಡಬ ತಾಲ್ಲೂಕಿನ ಸುಬ್ರಹ್ಮಣ್ಯದಿಂದ ಶುರುವಾದರೆ, ಇನ್ನೊಂದು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಬೀದಳ್ಳಿ ಕಡೆಯಿಂದ. ಶಿಖರ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. ಸುಮಾರು 102 ಚದರ ಕಿ.ಮೀ. ವಿಸ್ತಾರದ ಈ ಕಾಡು, ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ಕುಮಾರಧಾರಾ ಹುಟ್ಟುವುದೂ ಈ ಬೆಟ್ಟಸಾಲಿನಲ್ಲೇ. ಮೇಲೆ ಬಿದ್ದ ಪ್ಲಾಸ್ಟಿಕ್ ಕೆಳಗೆ ಸ್ನಾನಘಟ್ಟದ ನೀರಿಗೇ ಬರುತ್ತದೆ ಎನ್ನುವುದನ್ನು ಮರೆಯಬಾರದು.

1,712 ಎಂಬ ಸಂಖ್ಯೆ ನೋಡಿ ಮೋಸ ಹೋಗುವವರೇ ಹೆಚ್ಚು. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ಸುಮಾರು 1,930 ಮೀಟರ್. ಆದರೆ ಅಲ್ಲಿ ತುದಿಯ ಹತ್ತಿರದವರೆಗೂ ರಸ್ತೆ ಇದೆ. ಸುಬ್ರಹ್ಮಣ್ಯ ಪೇಟೆ ಇರುವುದು ಘಟ್ಟದ ಬುಡದಲ್ಲಿ, ಸಮುದ್ರ ಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಅಂದರೆ ಇಲ್ಲಿಂದ ಹೊರಟವರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಎತ್ತರವನ್ನು ಕಾಲಿನಲ್ಲೇ ಏರಬೇಕು. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೇ ದಿನ ಐದು ಸಲ ಹತ್ತಿದ ಹಾಗೆ. ಮತ್ತೆ ಅಷ್ಟನ್ನೂ ಇಳಿಯಬೇಕು.

ದಾರಿ ಹೇಗಿದೆ?

ಸುಬ್ರಹ್ಮಣ್ಯದಿಂದ ತುದಿಗೆ ಒಂದು ಬದಿಗೆ ಸುಮಾರು 13 ಕಿ.ಮೀ. ಇದನ್ನು ನಾಲ್ಕು ಭಾಗ ಮಾಡಿ ನೆನಪಿಟ್ಟುಕೊಳ್ಳಬಹುದು.

1. ಸುಬ್ರಹ್ಮಣ್ಯದಿಂದ ಗಿರಿಗದ್ದೆ: ದಟ್ಟ ಕಾಡು, ಬೇರು ಕಲ್ಲುಗಳ ಏರು ದಾರಿ. ನೆರಳಿದೆ, ಆದರೆ ಗಾಳಿ ಆಡುವುದಿಲ್ಲ, ಬೆವರು ಸುರಿಯುತ್ತದೆ. ನಡುವೆ ಭೀಮನ ಕಲ್ಲು ಎಂಬ ದೊಡ್ಡ ಬಂಡೆ ಸಿಗುತ್ತದೆ. ಹೊಸಬರ ಅರ್ಧ ಶಕ್ತಿ ಇಲ್ಲೇ ಖಾಲಿಯಾಗುತ್ತದೆ.

2. ಗಿರಿಗದ್ದೆಯಿಂದ ಕಲ್ಲು ಮಂಟಪ: ಗಿರಿಗದ್ದೆಯ ಭಟ್ಟರ ಮನೆ ದಶಕಗಳಿಂದ ಚಾರಣಿಗರಿಗೆ ಅನ್ನ ಹಾಕಿದ ಮನೆ. ಅದು ಹೋಟೆಲ್ ಅಲ್ಲ. ಮೊದಲೇ ತಿಳಿಸದೆ ಹೋಗಿ ಊಟ ಕೇಳುವುದು ಸರಿಯಲ್ಲ. ಹತ್ತಿರದಲ್ಲೇ ಅರಣ್ಯ ಇಲಾಖೆಯ ತಪಾಸಣಾ ಠಾಣೆ ಇದೆ. ಅಲ್ಲಿಂದ ಮೇಲೆ ಬಯಲು ಹುಲ್ಲುಗಾವಲು. ಬಿಸಿಲಿಗೆ ತಲೆ ಒಡ್ಡಿಯೇ ನಡೆಯಬೇಕು.

3. ಕಲ್ಲು ಮಂಟಪದಿಂದ ಶೇಷ ಪರ್ವತ: ಮಂಟಪದ ಪಕ್ಕ ಸಣ್ಣ ತೊರೆ ಇದೆ. ಮಳೆ ಬಿಟ್ಟ ಹೊಸದರಲ್ಲಿ ನೀರು ಚೆನ್ನಾಗಿರುತ್ತದೆ, ಜನವರಿ ಹೊತ್ತಿಗೆ ಸಣಕಲಾಗುತ್ತದೆ. ಮುಂದೆ ನೀರು ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಬಾಟಲಿ ಪೂರ್ತಿ ತುಂಬಿಕೊಳ್ಳುವ ಜಾಗ ಇದೇ.

4. ಶೇಷ ಪರ್ವತದಿಂದ ಕುಮಾರ ಪರ್ವತ: ಶೇಷ ಪರ್ವತ ತಲುಪಿದವರಿಗೆ “ಮುಗೀತು” ಅನ್ನಿಸುತ್ತದೆ. ಆದರೆ ಅಲ್ಲಿಂದ ಕೆಳಗಿಳಿದು, ಕಾಡು ದಾಟಿ, ಬಂಡೆ ಏರಿದ ಮೇಲೆಯೇ ತುದಿ. ಒದ್ದೆ ಇದ್ದಾಗ ಈ ಬಂಡೆ ಜಾರುತ್ತದೆ. ಶೇಷ ಪರ್ವತದ ಅಂಚಿನಲ್ಲಿ ಕಡಿದಾದ ಪ್ರಪಾತ ಇದೆ. ಮಂಜು ಕವಿದಾಗ ಅಂಚು ಕಾಣುವುದಿಲ್ಲ. ಸೆಲ್ಫಿಗೆ ಇದು ಜಾಗವೇ ಅಲ್ಲ.

ಬೀದಳ್ಳಿ ದಾರಿ ಸುಮಾರು 7 ಕಿ.ಮೀ. ಶುರುವಾಗುವ ಜಾಗವೇ ಎತ್ತರದಲ್ಲಿರುವುದರಿಂದ ಏರು ಕಡಿಮೆ. ಆದರೆ ತುದಿಗೆ ಹತ್ತಿರವಾದ ಹಾಗೆ ಕಡಿದಾದ ಬಂಡೆಗಳಿವೆ. ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯುವವರು ವಾಹನದ ವ್ಯವಸ್ಥೆ ಮೊದಲೇ ಮಾಡಿಕೊಳ್ಳಬೇಕು. ರಸ್ತೆಯಲ್ಲಿ ಎರಡು ಊರಿನ ನಡುವೆ ಘಟ್ಟ ಸುತ್ತಿ ಬರಬೇಕಾಗುತ್ತದೆ.

ಗಂಟೆಯ ಲೆಕ್ಕ: ಇದೇ ಮುಖ್ಯ

ಅಭ್ಯಾಸ ಇರುವ ಕಾಲಿಗೆ ಹತ್ತಲು ಏಳು ಗಂಟೆ, ಇಳಿಯಲು ನಾಲ್ಕೈದು ಗಂಟೆ ಎಂದು ಹಿಡಿಯಿರಿ. ಒಟ್ಟು ಹನ್ನೆರಡು ಗಂಟೆಯ ಹತ್ತಿರ. ನವೆಂಬರ್, ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಹಗಲೇ ಹನ್ನೆರಡು ಗಂಟೆಗಿಂತ ಕಡಿಮೆ. ಅಂದರೆ ಒಂದೇ ದಿನದಲ್ಲಿ ಹೋಗಿ ಬರುವವರಿಗೆ ವ್ಯರ್ಥ ಮಾಡಲು ಸಮಯವೇ ಇಲ್ಲ. ಸುಮಾರಾಗಿ ಹೀಗಿರಬೇಕು:

- ಬೆಳಿಗ್ಗೆ 6: ಬುಡದಿಂದ ಹೊರಡುವುದು
- 8.30 – 9: ಗಿರಿಗದ್ದೆ
- 10.30 – 11: ಕಲ್ಲು ಮಂಟಪ
- 12.30: ಶೇಷ ಪರ್ವತ
- 1.30: ತುದಿ

ಮಧ್ಯಾಹ್ನ ಒಂದೂವರೆಗೆ ಎಲ್ಲಿದ್ದರೂ ಸರಿ, ತಿರುಗಿ ಇಳಿಯಲು ಶುರು ಮಾಡಿ. ತುದಿ ಅರ್ಧ ಗಂಟೆ ದೂರ ಕಂಡರೂ ಅಷ್ಟೇ. ಆ ಅರ್ಧ ಗಂಟೆ ಹೋಗಿ ಬರುವಾಗ ಒಂದು ಗಂಟೆ ಆಗುತ್ತದೆ. ಸುಸ್ತಾದ ಕಾಲು, ಇಳಿಜಾರು, ಗಿರಿಗದ್ದೆಯಿಂದ ಕೆಳಗಿನ ಕಾಡಿನ ಕತ್ತಲು ಮೂರೂ ಒಟ್ಟಿಗೆ ಸೇರಿದಾಗಲೇ ಕಾಲು ಉಳುಕುವುದು, ದಾರಿ ತಪ್ಪುವುದು. ಎಂಟು ಗಂಟೆಯ ನಂತರ ಬುಡ ಬಿಟ್ಟವರಿಗೆ ತುದಿಯ ಆಸೆ ಬೇಡ. ಗಿರಿಗದ್ದೆ ಅಥವಾ ಕಲ್ಲು ಮಂಟಪದವರೆಗೆ ಹೋಗಿ ಬಂದರೂ ನೋಟಕ್ಕೆ ಕೊರತೆಯಿಲ್ಲ. ತಡವಾಗಿ ಬಂದವರನ್ನು ಠಾಣೆಯವರು ಮೇಲೆ ಬಿಡದಿದ್ದರೆ ಜಗಳ ಮಾಡುವ ವಿಷಯ ಅಲ್ಲ ಅದು.

2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಬಂದ ಯುವಕರೊಬ್ಬರು ಇಳಿಯುವಾಗ ತಂಡದಿಂದ ಬೇರೆಯಾಗಿ ಕಾಡಿನಲ್ಲಿ ಕಳೆದುಹೋಗಿದ್ದರು. ಊರವರು, ಅರಣ್ಯ ಸಿಬ್ಬಂದಿ, ಪೊಲೀಸರು ಹುಡುಕಾಡಿದರು. ಕೊನೆಗೆ ಸುರಕ್ಷಿತವಾಗಿ ಬಂದರು ಎನ್ನುವುದು ಸಮಾಧಾನ. ಅದರ ಪಾಠ ಸಣ್ಣದು: ತಂಡ ಒಡೆಯಬಾರದು. ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ತಂಡದ ವೇಗ ಆಗಬೇಕು.

ಅನುಮತಿ, ಕಾನೂನು

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಟ್ಟಿಗೇ ಬಂದು, ಬೆಟ್ಟದ ದಾರಿಯಲ್ಲಿ ಜಾತ್ರೆಯಂತೆ ಸಾಲು ನಿಂತ ವಿಡಿಯೊ ಎಲ್ಲ ಕಡೆ ಹರಿದಾಡಿತ್ತು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ದಾರಿಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಶುರುವಾಯಿತು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೂ ಬಂತು.

- ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ದಾರಿ ತೆರೆದಿದೆಯಾ, ಶುಲ್ಕ ಎಷ್ಟು ಎಂಬುದು ಬದಲಾಗುತ್ತಿರುತ್ತದೆ, ಅಲ್ಲೇ ನೋಡಿಕೊಳ್ಳಿ.
- ಸರ್ಕಾರಿ ಗುರುತಿನ ಚೀಟಿ ಕೈಯಲ್ಲಿರಲಿ.
- ಮಳೆಗಾಲದಲ್ಲಿ ಜಾರುವ ಅಪಾಯಕ್ಕೆ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚಿರುತ್ತದೆ. ಸಾಮಾನ್ಯವಾಗಿ ಅಕ್ಟೋಬರಿನಿಂದ ಜನವರಿಯವರೆಗೆ ಚಾರಣದ ಕಾಲ.
- ತುದಿಯಲ್ಲಿ ಟೆಂಟ್ ಹಾಕಿ ರಾತ್ರಿ ಉಳಿಯುವಂತಿಲ್ಲ.
- 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ವನ್ಯಜೀವಿಧಾಮದೊಳಗೆ ಹೋಗುವುದೂ, ಅಲ್ಲಿ ಬೆಂಕಿ ಹಾಕುವುದೂ ಅಪರಾಧ. ಬೀಡಿ ತುಂಡೊಂದು ಸಾಕು, ಒಣಗಿದ ಹುಲ್ಲಿಗೆ ಬೆಂಕಿ ಹಿಡಿಯಲು.

“ಇನ್ನೊಂದು ದಾರಿಯಲ್ಲಿ ಕರ್ಕೊಂಡು ಹೋಗ್ತೇನೆ” ಎಂದು ದುಡ್ಡು ಕೇಳುವವರು ಸಿಕ್ಕರೆ ಹೋಗಬೇಡಿ. ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ. ಬಿದ್ದು ಪೆಟ್ಟಾದರೆ ನೀವು ಕಾಡಿನಲ್ಲಿದ್ದೀರಿ ಎಂದೇ ಯಾರಿಗೂ ಗೊತ್ತಿರುವುದಿಲ್ಲ.

ಬ್ಯಾಗಿನಲ್ಲಿ ಏನಿರಬೇಕು?

- ಒಬ್ಬರಿಗೆ ಕನಿಷ್ಠ ಮೂರು ಲೀಟರ್ ನೀರು, ಎರಡು ಪ್ಯಾಕೆಟ್ ಓಆರ್‌ಎಸ್
- ಮಧ್ಯಾಹ್ನಕ್ಕೆ ಕಟ್ಟಿಸಿಕೊಂಡ ಊಟ, ಬಾಳೆಹಣ್ಣು, ಚಿಕ್ಕಿ, ಖರ್ಜೂರ
- ಟಾರ್ಚ್. ಮೊಬೈಲ್ ಲೈಟು ಲೆಕ್ಕಕ್ಕಿಲ್ಲ
- ಟೊಪ್ಪಿ, ಮಳೆಯಂಗಿ, ಹಿಡಿತ ಇರುವ ಶೂ
- ಬ್ಯಾಂಡೇಜು, ನಂಜು ನಿವಾರಕ, ದಿನಾ ತೆಗೆದುಕೊಳ್ಳುವ ಮಾತ್ರೆ
- ಕಸ ವಾಪಸ್ ತರಲು ಒಂದು ಖಾಲಿ ಚೀಲ

ಉಂಬಳ: ಮಳೆ ಬಿಟ್ಟ ಮೇಲೂ ಕೆಲವು ವಾರ ಕೆಳಗಿನ ಕಾಡಿನಲ್ಲಿ ಇರುತ್ತದೆ. ಉಪ್ಪು ಹಾಕಿದರೆ ಬಿಡುತ್ತದೆ. ಕಚ್ಚಿದ ಜಾಗ ತೊಳೆದು ಒತ್ತಿ ಹಿಡಿದರೆ ಸಾಕು, ಹೆದರುವ ಅಗತ್ಯ ಇಲ್ಲ.

ಉಣುಗು: ಇದು ಉಂಬಳಕ್ಕಿಂತ ಗಂಭೀರ. ಪಶ್ಚಿಮ ಘಟ್ಟದ ಕಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಉದ್ದ ಪ್ಯಾಂಟು ಹಾಕಿ, ವಾಪಸ್ ಬಂದ ಕೂಡಲೇ ಬಟ್ಟೆ ಬದಲಿಸಿ ಸ್ನಾನ ಮಾಡಿ. ಮುಂದಿನ ಒಂದೆರಡು ವಾರದಲ್ಲಿ ಜೋರು ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಸತ್ತ ಮಂಗ ಕಂಡರೆ ಮುಟ್ಟದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ.

ಹಾವು: ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ ಹೊತ್ತು ತರುವುದು ಒಳ್ಳೆಯದು. ನಾಟಿ ಮದ್ದಿಗೆ ಸಮಯ ಕಳೆಯದೆ ನೇರ ಆಸ್ಪತ್ರೆಗೆ.

ಆನೆ: ಹೊಸ ಲದ್ದಿ, ಮುರಿದ ಬಿದಿರು ಕಂಡರೆ ಸದ್ದು ಮಾಡದೆ ಹಿಂದೆ ಬನ್ನಿ. ಮುಂಜಾವು, ಮುಸ್ಸಂಜೆಯಲ್ಲಿ ಹೆಚ್ಚು ಎಚ್ಚರ ಬೇಕು.

ಅಂಗಡಿ, ಹೋಟೆಲ್, ಆಟೋದವರಿಗೆ

ವಾರಾಂತ್ಯದ ಚಾರಣಿಗರಿಂದ ಪೇಟೆಗೆ ವ್ಯಾಪಾರ ಇದೆ. ಮೇಲೆ ಅನಾಹುತವಾಗಿ ದಾರಿ ಮುಚ್ಚಿದರೆ ಆ ವ್ಯಾಪಾರಕ್ಕೇ ಪೆಟ್ಟು. 2024ರಲ್ಲಿ ಅದನ್ನು ನೋಡಿದ್ದೇವೆ. ಹಾಗಾಗಿ ಕೆಲವು ಸಣ್ಣ ಕೆಲಸಗಳು:

- ಹೋಟೆಲಿನವರು ಬೆಳಿಗ್ಗೆ ಐದೂವರೆಗೇ ಇಡ್ಲಿ, ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ, ಪುಳಿಯೋಗರೆ ಸಿದ್ಧ ಇಟ್ಟರೆ ಅವರೂ ಬೇಗ ಹೊರಡುತ್ತಾರೆ. ತಿಂಡಿಗೆ ಕಾದು ಎಂಟು ಗಂಟೆ ಮಾಡಿಕೊಳ್ಳುವವರು ಬಹಳ.
- ಅಂಗಡಿಯಲ್ಲಿ ಓಆರ್‌ಎಸ್, ಟಾರ್ಚ್ ಸೆಲ್, ಮಳೆಯಂಗಿ, ಉಪ್ಪು, ಬಟ್ಟೆ ಚೀಲ ಕಾಣುವ ಹಾಗೆ ಇಡಿ. ಶನಿವಾರ ಬೆಳಿಗ್ಗೆ ಇವೇ ಹೋಗುವ ಸಾಮಾನು.
- ಸಣ್ಣ ನೀರಿನ ಬಾಟಲಿಗಿಂತ ಅವರದ್ದೇ ಬಾಟಲಿಗೆ ನೀರು ತುಂಬಿಸಿ ಕೊಡಿ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ತಟ್ಟೆ, ಲೋಟಕ್ಕೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ.
- ಆಟೋದವರು ಬಿಡುವಾಗ ಎರಡು ಮಾತು ಕೇಳಿ: “ಬುಕಿಂಗ್ ಆಗಿದೆಯಾ? ಎಷ್ಟು ಗಂಟೆಗೆ ವಾಪಸ್?” ತಂಡದ ಒಬ್ಬರ ನಂಬರ್ ಬರೆದಿಟ್ಟುಕೊಳ್ಳಿ. ರಾತ್ರಿ ಎಂಟಾದರೂ ಬರದಿದ್ದರೆ ಯಾರಿಗಾದರೂ ಗೊತ್ತಿರುತ್ತದೆ.
- ಚಂಪಾ ಷಷ್ಠಿ ಸಮಯದಲ್ಲಿ ಊರಿನಲ್ಲಿ ರೂಮೂ ಇಲ್ಲ, ವಾಹನ ನಿಲ್ಲಿಸಲು ಜಾಗವೂ ಇಲ್ಲ. ಆ ವಾರ ಚಾರಣಕ್ಕೆ ಬೇಡ ಎಂದು ಫೋನಿನಲ್ಲೇ ಹೇಳಿಬಿಡಿ.

ಬರುವುದು ಹೇಗೆ? ತುರ್ತಿಗೆ ಯಾರು?

ಬೆಂಗಳೂರು, ಮಂಗಳೂರಿನಿಂದ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ. ರೈಲಿನಲ್ಲಾದರೆ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣ. ಅಲ್ಲಿಂದ ಪೇಟೆಗೆ ಸುಮಾರು 12 ಕಿ.ಮೀ. ಕಾಡಿನೊಳಗೆ ಮೊಬೈಲ್ ನೆಟ್‌ವರ್ಕ್ ನಂಬುವಂತಿಲ್ಲ. ಮನೆಯವರಿಗೆ ಎಲ್ಲಿ ಹೋಗುತ್ತಿದ್ದೀರಿ, ಯಾವಾಗ ವಾಪಸ್ ಎಂದು ಬುಡದಲ್ಲೇ ಹೇಳಿ ಹೊರಡಿ.

- ಪೊಲೀಸ್, ಯಾವುದೇ ತುರ್ತು: 112
- ಆಂಬುಲೆನ್ಸ್: 108
- ಅರಣ್ಯ ಸಹಾಯವಾಣಿ: 1926

ದಾರಿ ತಪ್ಪಿತು ಅನ್ನಿಸಿದರೆ ಅಲ್ಲೇ ನಿಲ್ಲಿ. ಗೊತ್ತಿದ್ದ ಜಾಗಕ್ಕೆ ಬಂದ ದಾರಿಯಲ್ಲೇ ಹಿಂದೆ ಹೋಗಿ. ಅದೂ ಕಾಣದಿದ್ದರೆ ಗುಂಪಾಗಿ ಒಂದೇ ಕಡೆ ಕೂತು ಆಗಾಗ ಸೀಟಿ ಊದಿ. ಹೊಳೆಯ ಜಾಡು ಹಿಡಿದು ಇಳಿಯಬೇಡಿ. ಈ ಘಟ್ಟದ ಹೊಳೆಗಳು ಎಲ್ಲಿ ಅಬ್ಬಿಯಾಗಿ ಧುಮುಕುತ್ತವೆ ಎಂದು ಮೇಲಿನಿಂದ ಕಾಣುವುದಿಲ್ಲ.

ಮುಂದಿನ ಶನಿವಾರ ಯಾರಾದರೂ ಅಂಗಡಿ ಮುಂದೆ ನಿಂತು “ಮೇಲೆ ಅಂಗಡಿ ಇದ್ಯಾ?” ಎಂದು ಕೇಳಿದರೆ ಉತ್ತರ ಹೀಗಿರಲಿ: “ಅಂಗಡಿ ಇಲ್ಲ. ನೀರು ಮೂರು ಲೀಟರ್ ತಗೊಳ್ಳಿ. ಒಂದೂವರೆಗೆ ತಿರುಗಿಬಿಡಿ. ಬಂದ ಮೇಲೆ ಇಲ್ಲೇ ಚಾ ಕುಡಿಯಿರಿ.”