ಚಮತ್ಕಾರವೇ? ಭಾವವೇ?

ರಾಜ್ಯೋತ್ಸವಕ್ಕೆ ಮಕ್ಕಳಿಂದ ಯಾವ ಚಿತ್ರಗೀತೆಯನ್ನು ಹಾಡಿಸಬೇಕೆಂದು ನಿಶ್ಚಯಿಸಲು ನಾವು ಹತ್ತಾರು ಮಂದಿ ಮಾದಾಪುರದ ಮನೆಯೊಂದರಲ್ಲಿ ಕಲೆತಿದ್ದೆವು. ಕಾಲು ಗಂಟೆಯ ಕೆಲಸ. ಮೂರು ಗಂಟೆ ಹಿಡಿಯಿತು. ಕಲಬುರಗಿ ಕಡೆಯ ಹಿರಿಯರೊಬ್ಬರು ಚಿ. ಉದಯಶಂಕರರ ಹಾಡೇ ಆಗಬೇಕೆಂದರು. ಸೈಬರ್ ಟವರ್ಸ್ ಸುತ್ತಲಿನ ಕಂಪನಿಗಳಲ್ಲಿ ದುಡಿಯುವ ತರುಣರು ಹಂಸಲೇಖರ ಹಾಡೆಂದು ಹಟ ಹಿಡಿದರು.

"ಅದು ಹಾಡೇನ್ರೀ? ಅಕ್ಷರದ ಕಸರತ್ತು! ಎದಿಯೊಳಗಿಂದ ಬಂದದ್ದು ಹಾಡು" ಎಂದರು ಹಿರಿಯರು.

"ಕಾಕಾ, ಅಳಿಸೋದೊಂದೇ ಹಾಡಿನ ಕೆಲಸ ಏನ್ರಿ?" ಎಂದನೊಬ್ಬ ತರುಣ. ಚಹ ತಣ್ಣಗಾಯಿತು.

ಈ ವ್ಯಾಜ್ಯ ಇಂದು ನಿನ್ನೆಯದಲ್ಲ. ನಾವು ಊರಿಗೆ ಹೊರಟಾಗ ಸಿಕಂದರಾಬಾದಿನಿಂದ ವಾಡಿಯ ಕಡೆಗೆ ಓಡುವ ರೈಲು, ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಚಿಕ್ಕ ನಿಲ್ದಾಣವನ್ನು ಹಾದುಹೋಗುತ್ತದೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ದ ಮೂರು ಪರಿಚ್ಛೇದಗಳಲ್ಲಿ ಒಂದು ಶಬ್ದಾಲಂಕಾರಕ್ಕೇ ಮೀಸಲಾಗಿದೆ. ಓದಿನ ಹಂಗಿಲ್ಲದ ನಾಡವರ ಸಹಜ ಕಾವ್ಯಶಕ್ತಿಯನ್ನು ಕೊಂಡಾಡಿರುವುದೂ ಅದೇ ಗ್ರಂಥ. ಆ ಕಾಲಕ್ಕೇ ಎರಡು ಪಕ್ಷಗಳಿಗೂ ಪುರಾವೆ ಒದಗಿಸಿಟ್ಟ ಪುಣ್ಯಾತ್ಮರು!

ಅಲ್ಲಮಪ್ರಭುವಿನ ಬೆಡಗಿನ ವಚನಗಳೂ ಕನಕದಾಸರ ಮುಂಡಿಗೆಗಳೂ ಬುದ್ಧಿಗೆ ಒಡ್ಡಿದ ಗಂಟುಗಳೇ. ಆದರೆ ಮುಂಡಿಗೆ ಕಟ್ಟಿದ ಕನಕದಾಸರೇ ಹರಿಯ ಬಾಗಿಲಲ್ಲಿ ನಿಂತು ಮೊರೆಯಿಟ್ಟ ಪದವನ್ನೂ ಹಾಡಿದರು. 1960ರ 'ಭಕ್ತ ಕನಕದಾಸ' ಚಿತ್ರದಲ್ಲಿ ರಾಜಕುಮಾರರ ತುಟಿಗೆ ಪಿ. ಬಿ. ಶ್ರೀನಿವಾಸರ ಕಂಠ ಕೂಡಿ ಆ ಪದ ಮನೆಮನೆಯನ್ನು ಹೊಕ್ಕಿತು. ಮುಂಡಿಗೆ ಮಾತ್ರ ಪಂಡಿತರ ಬಳಿ ಉಳಿಯಿತು. ಹಿರಿಯರು ತಮ್ಮ ವಾದಕ್ಕೆ ಇದನ್ನೇ ಆಧಾರವಾಗಿ ಹಿಡಿದರು.

ಅವರ ಪಕ್ಷವನ್ನು ನಾವು ಹಗುರಾಗಿ ಕಾಣುವಂತಿಲ್ಲ. ಹೊಟ್ಟೆಪಾಡಿಗೆಂದು ಊರು ಬಿಟ್ಟು ಬಂದು, ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡವನಿಗೆ ಉದಯಶಂಕರರ ಹಾಡು ತಾಯಿ ಬರೆದ ಕಾಗದದಂತಿತ್ತು. ಕಾಗದದಲ್ಲಿ ಯಾರೂ ಪ್ರಾಸ ಹುಡುಕುವುದಿಲ್ಲ. ಆದರೆ ಅದೇ ಉದಯಶಂಕರರು 1974ರ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ಎಮ್ಮೆಯ ಮೇಲೆ ಕುಳಿತು ಹಾಡುವ ತುಂಟ ಹಾಡನ್ನೂ ಬರೆದರು. ರಾಜಕುಮಾರರು ಹಿನ್ನೆಲೆ ಗಾಯಕರಾಗಿಯೂ ಹೆಸರಾದದ್ದು ಆ ಹಾಡಿನಿಂದಲೇ. ಇದನ್ನು ನಾವು ನೆನಪಿಸಿದಾಗ ಹಿರಿಯರು ಕೇಳಿಸಿಕೊಳ್ಳಲಿಲ್ಲ.

1987ರಲ್ಲಿ 'ಪ್ರೇಮಲೋಕ' ಬಂತು. ಸಾಹಿತ್ಯವೂ ಸಂಗೀತವೂ ಹಂಸಲೇಖರದೇ. ಆಡುಮಾತು, ಸವಾಲು-ಜವಾಬು, ಪ್ರಾಸದ ಮೇಲೆ ಪ್ರಾಸ, ನಡುನಡುವೆ ಇಂಗ್ಲಿಷು. ಮಾತಾಡುವುದಕ್ಕೂ ಹಾಡುವುದಕ್ಕೂ ನಡುವಿದ್ದ ಗೋಡೆಯನ್ನೇ ಅವರು ಕೆಡವಿದರು. ಕ್ಯಾಸೆಟ್ಟುಗಳು ಬಸ್ಸುಬಸ್ಸಿನಲ್ಲಿ ಮೊಳಗಿದವು. ಭಾವ ಸತ್ತಿತೆಂದು ಹಲವರು ಮರುಗಿದರು. ಮರುಗಿದವರಿಗೆ ಉತ್ತರವೆಂಬಂತೆ, ಗದುಗಿನ ಅಂಧ ಗಾಯಕರ ಬಾಳನ್ನು ಕುರಿತ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರಕ್ಕೆ ಇದೇ ಹಂಸಲೇಖರು 1995ನೆಯ ಸಾಲಿನ ರಾಷ್ಟ್ರೀಯ ಸಂಗೀತ ನಿರ್ದೇಶನ ಪ್ರಶಸ್ತಿಯನ್ನು ಪಡೆದರು. ಹಾಡಿದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಪ್ರಶಸ್ತಿ ಬಂತು.

ಬಾಲಸುಬ್ರಹ್ಮಣ್ಯಂ ಎಂದಾಗ ಒಂದು ಮಾತು ಹೊಳೆಯುತ್ತದೆ. ಅವರು ನೆಲ್ಲೂರು ಸೀಮೆಯವರು. ಶ್ರೀನಿವಾಸರು ಕಾಕಿನಾಡದವರು. ಪಿ. ಸುಶೀಲಾ ವಿಜಯನಗರಂ, ಎಸ್. ಜಾನಕಿ ಗುಂಟೂರು ಕಡೆಯವರು. ನಮ್ಮ ತಾಯಂದಿರನ್ನು ಸೆರಗಿನಿಂದ ಕಣ್ಣೊರೆಸಿಕೊಳ್ಳುವಂತೆ ಮಾಡಿದ ಕಂಠಗಳೆಲ್ಲ ತೆಲುಗು ಮನೆಯವು! 2006ರ 'ಮುಂಗಾರು ಮಳೆ'ಯಲ್ಲಿ ಜಯಂತ ಕಾಯ್ಕಿಣಿಯವರ ಮೆಲುನುಡಿಯನ್ನು ಹಾಡಿ ಒಂದು ತಲೆಮಾರನ್ನೇ ಮರುಳುಮಾಡಿದ ಸೋನು ನಿಗಮ್ ಉತ್ತರದವರು. ಅಂದಮೇಲೆ, ಭಾವವು ಶ್ರುತಿಯ ಬೆನ್ನೇರಿ ಭಾಷೆಯ ಗಡಿಯನ್ನು ಸುಲಭವಾಗಿ ದಾಟುತ್ತದೆ. ಹಾಗೆ ದಾಟಿಸುವುದಕ್ಕೂ ಆ ಗಾಯಕರು ಒಂದೊಂದು ಒತ್ತಕ್ಷರವನ್ನೂ ತಿದ್ದಿ ತೀಡಿ ಕಲಿತಿರಬೇಕು. ಬರಿಯ ಎದೆಯಿಂದ ಆಗುವ ಕೆಲಸವಲ್ಲ.

ಶ್ಲೇಷೆಗೆ ಮಾತ್ರ ಆ ರಹದಾರಿ ಇಲ್ಲ. ಒಂದು ಮಾತಿನ ಎರಡು ಅರ್ಥಗಳಲ್ಲಿ ಎರಡನ್ನೂ ಬಲ್ಲವನೇ ನಗಬೇಕು. ಇದು ನಮಗೆ ಮನವರಿಕೆಯಾದದ್ದು ಆ ದಿನವೇ. ಹಿರಿಯರ ಮೊಮ್ಮಗ ಮಾದಾಪುರದಲ್ಲೇ ಹುಟ್ಟಿ ಬೆಳೆದವನು. ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಹಿಂದಿ, ಊಟದ ಹೊತ್ತಿಗೆ ಕನ್ನಡ. ಶ್ರೀನಿವಾಸರ ಹಾಡನ್ನು ಹಾಕಿದಾಗ ಹುಡುಗ ಸುಮ್ಮನೆ ಕುಳಿತು ಪೂರ್ತಿ ಕೇಳಿ, "ಛಲೋ ಅದ" ಎಂದು ಎದ್ದು ಹೋದ. ಯಾವ ಪದದ ಅರ್ಥವನ್ನೂ ಕೇಳಲಿಲ್ಲ. ಅದರ ಅಗತ್ಯವೇ ಅವನಿಗೆ ಬೀಳಲಿಲ್ಲ. ಅನಂತರ ತರುಣರು ಹಂಸಲೇಖರದೊಂದನ್ನು ಹಾಕಿದರು. ಒಂದು ಸಾಲಿಗೆ ಹಿರಿಯರು ತಮ್ಮ ಪ್ರತಿಜ್ಞೆ ಮರೆತು ಫಕ್ಕನೆ ನಕ್ಕುಬಿಟ್ಟರು. ಹುಡುಗ ಬಾಗಿಲಿಂದ ಮರಳಿ ಬಂದ.

"ಅಜ್ಜಾ, ಯಾಕ ನಕ್ಕಿ?"

ಅಜ್ಜ ವಿವರಿಸಿದರು. ಒಂದು ಪದಕ್ಕೆ ಇನ್ನೊಂದು ಅರ್ಥ, ಆ ಅರ್ಥಕ್ಕೊಂದು ಗಾದೆ, ಗಾದೆಗೊಂದು ಊರ ಕಥೆ. ಹುಡುಗ ಎರಡನೆಯ ಸಲ ಕೇಳಿದಾಗ ಸರಿಯಾದ ಜಾಗದಲ್ಲಿ ನಕ್ಕ. ಅವನ ತಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ವರುಷಗಟ್ಟಲೆ ಭಾನುವಾರಗಳಲ್ಲಿ ಅಕ್ಷರ ತಿದ್ದಿಸಿ ಬೇಸತ್ತಿದ್ದ ಆ ತಾಯಿಯ ಮುಖವನ್ನು ನಾವು ಮರೆತಿಲ್ಲ.

ಹೊರನಾಡಿನ ಮನೆಯಲ್ಲಿ ಮೊದಲು ಬತ್ತುವುದು ಭಾಷೆಯ ಈ ತುಂಟತನವೇ ಎಂದು ನಮಗೆ ತೋರುತ್ತದೆ. ಅಳಲು ಯಾವ ನುಡಿಯಾದರೂ ಆದೀತು. ಹಿರಿಯರು ಇದನ್ನು ಒಪ್ಪಿಲ್ಲ. ಮೊಮ್ಮಗನಿಗೆ ಅರ್ಥ ಹೇಳಿದ್ದು ಬೇರೆ, ಹಾಡು ಬೇರೆ ಎನ್ನುತ್ತಾರೆ. ಅಂತೂ ಮಕ್ಕಳು 'ಪ್ರೇಮಲೋಕ'ದ ಹಾಡನ್ನು ಹಾಡುವುದೆಂದೂ, ಕನಕದಾಸರ ಪದವನ್ನು ಹಿರಿಯರೇ ಹಾಡುವುದೆಂದೂ ಗೊತ್ತಾಯಿತು. ಯಾವುದು ಮೊದಲು ಎಂಬ ತಕರಾರು ಮಾತ್ರ ಈ ಲೇಖನ ಅಚ್ಚಿಗೆ ಹೋಗುವ ತನಕ ಬಗೆಹರಿದಿಲ್ಲ.